ಮುಳ್ಳಕ್ಕ ಕಟ್ಟಿದ ಬೇಲಿ

ನನ್ನದು ಸಾಣೆ ಮತ್ತು ಬೆಸುಗೆಯ ಅಂಗಡಿ. ಕತ್ತರಿ, ಕುಡುಗೋಲು, ಗುದ್ದಲಿ, ಮುರಿದ ಗೇಟು, ಸೈಕಲ್ಲಿನ ಕ್ಯಾರಿಯರ್, ಎಲ್ಲವೂ ನನ್ನ ಹತ್ತಿರ ಬರುತ್ತವೆ. ಅಲಗು ನೋಡಿದರೆ ಆಳು ಎಂಥವರೆಂದು ಹೇಳಬಲ್ಲೆ. ಕೋಪಿಷ್ಠರ ಅಲಗಿನ ತುದಿ ಮುರಿದಿರುತ್ತದೆ, ಸೋಮಾರಿಗಳದ್ದು ತುಕ್ಕು ಹಿಡಿದಿರುತ್ತದೆ. ಇಷ್ಟು ವರ್ಷಗಳಲ್ಲಿ ಈ ಎರಡೂ ಇಲ್ಲದ ಅಲಗು ನಾನು ಕಂಡದ್ದು ಒಂದೇ. ಅದು ಮುಳ್ಳಕ್ಕನ ಮಚ್ಚು. ಮೂತಿ ಬಾಗಿದ, ಅಂಗೈ ಅಗಲದ ಮಚ್ಚು. ಅವಳ ಅಪ್ಪನಿಂದ ಬಂದದ್ದು. ಸಾಣೆ ಹಿಡಿಸಿ ಹಿಡಿಸಿ ಅರ್ಧಕ್ಕರ್ಧ ಸವೆದಿತ್ತು.

ಅವಳು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲೇ ಬಾಡಿಗೆಗಿದ್ದಳು. ಒಂದು ಕಬ್ಬಿಣದ ಮಂಚ, ಒಂದು ಸ್ಟವ್, ಗೋಡೆಗೆ ಒರಗಿಸಿಟ್ಟ ಗೂಟಗಳ ಕಟ್ಟು, ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಜೊತೆ ಚರ್ಮದ ಕೈಗವಸು. ಕೋಣೆಗೆ ಕಾಲಿಟ್ಟರೆ ಹಸಿ ತೊಗಟೆಯ ವಾಸನೆ. ಸಂಜೆಯಾದರೆ ಮೆಟ್ಟಿಲ ಮೇಲೆ ಕೂತು ಸೂಜಿಯಿಂದ ಕೈಯ ಮುಳ್ಳು ತೆಗೆಯುವುದು ಅವಳ ಅಭ್ಯಾಸ.

"ಇವತ್ತು ಎಷ್ಟು ಬೆಳೆ ಬಂತಕ್ಕ?" ಎಂದು ನಾನು ಕೇಳುತ್ತಿದ್ದೆ.

"ಏಳು. ಇನ್ನೊಂದು ಒಳಗೇ ಇದೆ, ಬಿತ್ತನೆಗೆ ಬಿಟ್ಟಿದೀನಿ" ಎನ್ನುತ್ತಿದ್ದಳು.

ಅವಳ ಕಸುಬು ಬೇಲಿ ಕಟ್ಟುವುದು. ತಂತಿ ಬೇಲಿಯಲ್ಲ, ಒಣಮುಳ್ಳು ಒಟ್ಟಿದ ಬೇಲಿಯೂ ಅಲ್ಲ. ಬೇರು ಬಿಟ್ಟು ನಿಂತ ಹಸಿಬೇಲಿ. ಆ ನೆಲದಲ್ಲಿ ತಾನಾಗಿ ಹುಟ್ಟುವ ಎಲಚಿ, ಕಾಡುಗುಲಾಬಿ, ಹಿಪ್ಪುನೇರಳೆ, ಹೆಸರಿಲ್ಲದ ಬಳ್ಳಿಗಳು, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡು ಹೊಲದ ಅಂಚಿನಲ್ಲಿ ಗೋಡೆಯಂತೆ ನಿಲ್ಲಬೇಕು. ಬಿಟ್ಟರೆ ಗಿಡ ಮೇಲಕ್ಕೆ ಓಡುತ್ತದೆ, ಬುಡ ಬೋಳಾಗಿ ಹಂದಿ ನುಗ್ಗುತ್ತದೆ. ಅದಕ್ಕೇ ಎಲೆ ಉದುರುವ ಕಾಲದಲ್ಲಿ ಕಾಂಡವನ್ನು ಬುಡದ ಹತ್ತಿರ ಓರೆಯಾಗಿ ಕಡಿದು, ಪೂರ್ತಿ ತುಂಡಾಗದಂತೆ ಪಕ್ಕಕ್ಕೆ ಮಲಗಿಸಿ, ಗೂಟಗಳ ನಡುವೆ ಹೆಣೆಯಬೇಕು. ಮಲಗಿದ ಕೊಂಬೆ ಸಾಯುವುದಿಲ್ಲ, ಕಡಿದ ಜಾಗದಿಂದಲೇ ಚಿಗುರು ಏಳುತ್ತದೆ. "ಮುಕ್ಕಾಲು ಕಡಿ, ಕಾಲು ಬಿಡು. ಆ ಕಾಲೇ ಅದರ ಕಾಲು" ಎಂದು ಅವಳಪ್ಪ ಹೇಳಿಕೊಟ್ಟಿದ್ದನಂತೆ.

ಅಪ್ಪನ ಒಂದು ಕಣ್ಣು ಸಿಡಿದ ಕೊಂಬೆಗೆ ಹೋಗಿತ್ತು. ಒಂದೇ ಕಣ್ಣಿನವನಿಗೆ ಮಚ್ಚಿನ ಏಟು ಎಷ್ಟು ಆಳಕ್ಕೆ ಬಿತ್ತೆಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಹದಿನಾಲ್ಕನೇ ವಯಸ್ಸಿಗೆ ಮಗಳು ಮಚ್ಚು ಹಿಡಿದಳು, ಅಪ್ಪ ಹಿಂದೆ ನಿಂತು ಬೈದ. ತಾಯಿ ಆಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಮೂರು ವರ್ಷದ ತಮ್ಮ. ಅವನನ್ನು ಮನೆಯಲ್ಲಿ ಬಿಡುವ ಹಾಗಿರಲಿಲ್ಲ, ಹೊಲಕ್ಕೆ ಎತ್ತಿಕೊಂಡು ಹೋಗಿ ಬೇಲಿಯ ನೆರಳಲ್ಲಿ ಕೂರಿಸಿ, ಎರಡು ಗೂಟಕ್ಕೊಮ್ಮೆ ತಿರುಗಿ ನೋಡುತ್ತ ಕೆಲಸ ಮಾಡಿದಳು. ಅಪ್ಪ ಹೋದ ಮೇಲೂ ಅದೇ ನಡೆಯಿತು. ಮದುವೆಯ ಮಾತು ಒಂದು ಸಲ ಬಂದಿತ್ತು. ನೋಡಲು ಬಂದ ಗಂಡು ಇವಳ ಕೈ ನೋಡಿ, ನೀರು ಕುಡಿದ ಲೋಟವನ್ನೂ ಕೆಳಗಿಡದೆ ಎದ್ದನಂತೆ. "ಕೈ ಹಿಡಿಯೋಕೆ ಬಂದೋನು ಕೈ ನೋಡಿ ಓಡಿದ" ಎಂದು ತಾನೇ ಹೇಳಿ ನಗುತ್ತಿದ್ದಳು. ಆ ನಗೆಯಲ್ಲಿ ಎಷ್ಟು ನಿಜ, ಎಷ್ಟು ಇಲ್ಲ, ನಾನು ಕೆದಕಲಿಲ್ಲ.

ತಮ್ಮ ಓದಲಿಲ್ಲ, ಆದರೆ ಯಂತ್ರವೆಂದರೆ ಜೀವ ಬಿಡುತ್ತಿದ್ದ. ಮಣ್ಣು ಅಗೆಯುವ ದೊಡ್ಡ ಮಿಷನ್ ಓಡಿಸುವುದನ್ನು ಕಲಿಯಲು ಅವನನ್ನು ದೂರದ ಊರಿಗೆ ಕಳಿಸಿದವಳು ಅಕ್ಕನೇ. ಲೈಸೆನ್ಸ್ ಬಂದ ದಿನ ಅವಳು ನನ್ನ ಅಂಗಡಿಗೆ ಬಂದು, ಯಾರೂ ಕೇಳದಿದ್ದರೂ, "ಊರಲ್ಲಿ ಎಲ್ಲರೂ ದೊಡ್ಡೋರಿಗೆ ಬಕೆಟ್ ಹಿಡೀತಾರೆ. ನಮ್ಮೋನು ಮಣ್ಣಿಗೆ ಹಿಡೀತಾನೆ" ಎಂದಳು. ಅಷ್ಟು ಸಂತೋಷವನ್ನು ನಾನು ಅವಳ ಮುಖದಲ್ಲಿ ಮತ್ತೆ ನೋಡಿಲ್ಲ. ಅವನು ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದ.

ಅವಳ ಕೈಯ ಬೇಲಿಗಳಲ್ಲಿ ದೊಡ್ಡದು ಊರಾಚೆಯ ತರಕಾರಿ ಹೊಲದ್ದು. ಮುನ್ನೂರ ನಲವತ್ತು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಅಪ್ಪ ಶುರು ಮಾಡಿದ್ದನ್ನು ಅವಳು ಮುಂದುವರಿಸಿದ್ದಳು, ಪ್ರತಿ ವರ್ಷ ಒಂದಿಷ್ಟು ಉದ್ದ ಮಾತ್ರ ಕಡಿದು ಮಲಗಿಸುತ್ತ. ಉಳಿದದ್ದನ್ನು ಮುಟ್ಟುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ಒಂದೇ ಸಲ ಊರಿನ ಎಲ್ಲಾ ಮನೆ ಸೂರು ಬಿಚ್ಚಿದ್ರೆ ಜನ ಎಲ್ಲಿ ಮಲಗ್ಬೇಕು?" ಎನ್ನುತ್ತಿದ್ದಳು.

ಆ ಹೊಲದ ಯಜಮಾನಿ ಮುದುಕಿ ಬಾಯಿ ಜೋರು, ಆದರೆ ಕಣ್ಣಿದ್ದವಳು. ಬೇಲಿಯ ಬುಡದಲ್ಲಿ ಒಂದು ಮಾರು ಜಾಗಕ್ಕೆ ಔಷಧಿ ಸಿಂಪಡಿಸಲು ಬಿಡುತ್ತಿರಲಿಲ್ಲ. ಅವಳ ಹೊಲದಲ್ಲಿ ಇಲಿಪಾಷಾಣದ ಡಬ್ಬಿಯೇ ಇರಲಿಲ್ಲ. ಬೇಲಿಯ ನಡುಭಾಗದಲ್ಲಿ ಪೊಟರೆಬಿದ್ದ ಹಳೆಯ ಹಿಪ್ಪುನೇರಳೆ ಮರವಿತ್ತು, ಅದರಲ್ಲಿ ಗೂಬೆಗಳ ಸಂಸಾರ. ಬುಡದ ಒಣ ದಿಬ್ಬದಲ್ಲಿ ಪೆನ್ಸಿಲ್ ತೂರುವಷ್ಟು ತೂತುಗಳು, ಒಂದೊಂದರಲ್ಲೂ ಒಂಟಿ ಜೇನು. ಕುಂಬಳದ ಹೂವಿಗೆ ಬೆಳಿಗ್ಗೆ ಮೊದಲು ಬರುತ್ತಿದ್ದವು ಅವೇ. ಮುಂಗುಸಿ ಎಲ್ಲಿ ನುಗ್ಗುತ್ತದೆ, ಕೌಜುಗ ಯಾವ ಪೊದೆಯಡಿ ಮೊಟ್ಟೆ ಇಡುತ್ತದೆ, ಗಾಳಿ ಬೀಸಿದಾಗ ಹೊಲದ ಮಣ್ಣು ಎಲ್ಲಿ ಬಂದು ತಡೆಯುತ್ತದೆ, ಮುಳ್ಳಕ್ಕನಿಗೆ ಹೆಜ್ಜೆ ಲೆಕ್ಕದಲ್ಲಿ ಗೊತ್ತಿತ್ತು.

ಒಮ್ಮೆ ಕಾಲೇಜಿನ ಒಬ್ಬ ಹುಡುಗಿ ಕೊರಳಿಗೆ ದುರ್ಬೀನು ಹಾಕಿಕೊಂಡು ಬಂದು, ಎರಡು ವರ್ಷ ಹೂಬಿಡುವ ಕಾಲದಲ್ಲಿ ಆ ಬೇಲಿಯ ಪಕ್ಕ ಕೂತು ಬರೆದುಕೊಂಡಳು. ಮೂವತ್ತೆಂಟು ಜಾತಿಯ ಹಕ್ಕಿ ಎಂದು ಅವಳು ಹೇಳಿದಾಗ ಮುಳ್ಳಕ್ಕ, "ಮೂವತ್ತೊಂಬತ್ತು. ನೀನು ಎಂಟು ಗಂಟೆಗೆ ಬರ್ತೀಯ. ಒಂದು ಅದಕ್ಕಿಂತ ಮುಂಚೆ ಬಂದು ಹೋಗುತ್ತೆ" ಎಂದಳಂತೆ. ಹುಡುಗಿ ಮರುದಿನ ನಸುಕಿಗೇ ಬಂದು ಒಂದು ಗೆರೆ ಹೆಚ್ಚಿಗೆ ಬರೆದುಕೊಂಡಳು. ಬೇಲಿಯ ಫೋಟೊ ತೆಗೆದುಕೊಂಡು ಹೋದಳು.

ಯಜಮಾನಿ ತೀರಿಕೊಂಡ ಮೇಲೆ ಹೊಲ ಅಳಿಯನ ಕೈಗೆ ಬಂತು. ಅಳಿಯ ಕೆಟ್ಟವನೇನಲ್ಲ. ನಯವಾಗಿ ಮಾತಾಡುವವನು, ಎದುರಿಗೆ ಬಂದವರನ್ನು ಕೂರಿಸಿಯೇ ಮಾತಾಡಿಸುವವನು. ಬೇಲಿಯಾಚೆಯ ಹೊಲವೂ ಅವನದೇ. ಎರಡು ಹೊಲ ಒಂದಾದರೆ ಟ್ರ್ಯಾಕ್ಟರು ತಿರುಗಿಸುವ ತೊಂದರೆ ಇರುವುದಿಲ್ಲ, ಬೇಲಿ ಕುಳಿತ ಜಾಗದಲ್ಲೂ ಬೆಳೆ ಬರುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು, ಇಲ್ಲವೇ ಅವನಿಗೇ ಹೊಳೆದಿತ್ತು. ಸುದ್ದಿ ಕಿವಿಗೆ ಬಿದ್ದ ದಿನ ಮುಳ್ಳಕ್ಕ ಕೆಲಸ ಬಿಟ್ಟು ಅವನ ಮನೆಗೆ ಹೋದಳು. ಅಲ್ಲಿ ನಡೆದದ್ದನ್ನು ಬಂದು ನನಗೆ ಹೇಳಿದಳು.

"ಬೇಲಿನೇ ಎದ್ದು ಹೊಲ ಮೇಯ್ದಂಗೆ ಅಂತ ಗಾದೆ ಕೇಳಿದೀಯಲ್ಲಮ್ಮ? ಇಲ್ಲಿ ನಿಜವಾಗ್ಲೂ ಮೇಯ್ತಿದೆ ನೋಡು. ನಾಲ್ಕು ಹೆಜ್ಜೆ ಅಗಲ ತಿಂದು ಕೂತಿದೆ" ಎಂದನಂತೆ ಅಳಿಯ.

"ಮೇಯೋಕೆ ಬರೋ ಇಲಿ ಹಿಡಿಯೋದೂ ಅದೇ ಯಜಮಾನ್ರೇ. ನಿಮ್ಮ ಕುಂಬಳಕ್ಕೆ ಕಾಯಿ ಕಟ್ಟಿಸೋದೂ ಅದೇ. ನಿಮ್ಮತ್ತೆನ ಕೇಳಿದ್ರೆ ಹೇಳೋರು."

"ಅತ್ತೆ ಕಾಲ ಬೇರೆ ಇತ್ತು."

"ಗೂಬೆ ಕಾಲ ಬೇರೆ ಆಗಿಲ್ಲ. ಈಗ ಗೂಡಲ್ಲಿ ಮರಿ ಇದೆ. ಎಲ್ಲಾ ಪೊದೇಲೂ ಮೊಟ್ಟೆ ಇದೆ. ತೆಗೀಲೇಬೇಕು ಅಂತಿದ್ರೆ ತೆಗೀರಿ, ನಿಮ್ಮ ಸ್ವತ್ತು, ನಾನ್ಯಾರು ಕೇಳೋಕೆ? ಮರಿ ಹಾರೋ ತನಕ ತಡೀರಿ. ಆರು ವಾರ."

ಅಳಿಯ ಸ್ವಲ್ಪ ಹೊತ್ತು ಕ್ಯಾಲೆಂಡರ್ ನೋಡಿದನಂತೆ. "ಆಯ್ತಮ್ಮ. ಹಾರ್ಲಿ" ಎಂದನಂತೆ.

ಇಷ್ಟು ಹೇಳಿ ಮುಳ್ಳಕ್ಕ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಸೂಜಿಯನ್ನು ಹಾಗೇ ಹಿಡಿದಿದ್ದಳು. "ಆರು ವಾರದಲ್ಲಿ ಮನಸ್ಸು ಬದಲಾದ್ರೂ ಆಗಬಹುದು" ಎಂದಳು. ನಾನು ಹೂಂ ಎಂದೆ.

ಎಂಟನೇ ದಿನ ಅವಳ ತಮ್ಮ ನನ್ನ ಅಂಗಡಿಗೆ ಮಿಷನ್ನಿನ ಬಕೆಟ್ ತಂದ. ಮೂರು ಹಲ್ಲು ಸವೆದಿದ್ದವು. ಹೊಸ ಹಲ್ಲು ಕೂರಿಸಿ ಬೆಸುಗೆ ಹಾಕುತ್ತಿದ್ದಾಗ ಎಲ್ಲಿ ಕೆಲಸ ಎಂದು ಕೇಳಿದೆ. ಅವನು ಕಿಡಿಯ ಕಡೆ ನೋಡುತ್ತ ಹೇಳಿದ. "ದೊಡ್ಡ ಬೇಲಿ. ನಾಳೆ. ಅಕ್ಕಂಗೆ ಹೇಳ್ಬೇಡಣ್ಣ. ಅವಳು ನಾಳೆ ಕೆರೆ ಆಚೆ ತೋಟದ ಕೆಲಸಕ್ಕೆ ಹೋಗ್ತಾಳೆ. ನನ್ನ ಕೆಲಸ ಅರ್ಧ ದಿನದ್ದು. ಅವಳು ಬರೋದ್ರೊಳಗೆ ಮುಗಿಸಿಬಿಡ್ತೀನಿ. ಕಣ್ಣಿಗೆ ಬೀಳದಿದ್ರೆ ನೋವೂ ಕಮ್ಮಿ."

ಆ ಬುದ್ಧಿವಂತಿಕೆಗೆ ನಾನೂ ತಲೆದೂಗಿದೆ. ಅಂದು ಸಂಜೆ ಅವಳು ಎಂದಿನಂತೆ ಮೆಟ್ಟಿಲ ಮೇಲೆ ಕೂತಿದ್ದಳು, ಐದು ಮುಳ್ಳಿನ ಲೆಕ್ಕ ಹೇಳಿದಳು. ನನ್ನ ನಾಲಿಗೆ ಏಳಲಿಲ್ಲ. ಅಕ್ಕ ತಮ್ಮನ ನಡುವೆ ನಾನ್ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ನೆವ ಹುಡುಕಿಕೊಡುವುದು ಕಷ್ಟವಲ್ಲ.

ಅರ್ಧ ದಿನದಲ್ಲಿ ಮುಗಿಯಲಿಲ್ಲ. ಅಪ್ಪ ಮಗಳು ಸೇರಿ ನಲವತ್ತಕ್ಕೂ ಹೆಚ್ಚು ವರ್ಷ ಮಲಗಿಸಿ ಹೆಣೆದ ಬೇಲಿ ಅದು. ಮಲಗಿದ ಕೊಂಬೆಗಳು ಮಣ್ಣು ತಾಗಿದಲ್ಲೆಲ್ಲ ಬೇರು ಬಿಟ್ಟಿದ್ದವು. ಒಂದನ್ನು ಎಳೆದರೆ ಹತ್ತು ಬಿಗಿಯುತ್ತಿದ್ದವು. ಮೊದಲ ದಿನ ಕತ್ತಲಾಗುವಷ್ಟರಲ್ಲಿ ಅರ್ಧ ಬೇಲಿ ಬಿದ್ದಿತ್ತು, ಬಕೆಟ್ಟಿನ ಒಂದು ಹಲ್ಲೂ ಮುರಿದಿತ್ತು. ಮರುದಿನ ಬೆಳಿಗ್ಗೆ ಸಿಲಿಂಡರ್ ಹೇರಿಕೊಂಡು ನಾನೇ ಹೊಲಕ್ಕೆ ಹೋಗಿ ಹಲ್ಲು ಬೆಸೆದು ಕೊಟ್ಟೆ. ಹಾಗಾಗಿ ಮುಂದಿನದು ನಡೆದಾಗ ನಾನೂ ಅಲ್ಲಿದ್ದೆ.

ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ಓಡಿ ಬರಲಿಲ್ಲ. ದಿನಾ ಕೆಲಸಕ್ಕೆ ಬರುವ ನಡಿಗೆಯಲ್ಲೇ ಬಂದಳು. ಬಿದ್ದ ಅರ್ಧದ ಉದ್ದಕ್ಕೂ ನಡೆದಳು. ಕಿತ್ತ ಪೊದೆಗಳ ರಾಶಿಯ ಮೇಲೆ ಸಣ್ಣ ಹಕ್ಕಿಗಳು ಬಾಯಲ್ಲಿ ಹುಳು ಕಚ್ಚಿಕೊಂಡು ಹಾರಿ ಹಾರಿ ಕೂರುತ್ತಿದ್ದವು. ತಿನ್ನಿಸಲು ತಂದ ಹುಳುವನ್ನು ನುಂಗಲೂ ಇಲ್ಲ, ಬಿಡಲೂ ಇಲ್ಲ. ಮುಳ್ಳಕ್ಕ ಎರಡು ಕಡೆ ಬಗ್ಗಿ ಏನನ್ನೋ ನೋಡಿ, ಮುಟ್ಟದೆ ಎದ್ದಳು. ಆಮೇಲೆ ಮಿಷನ್ನಿನ ಮುಂದೆ ಬಂದು ನಿಂತಳು.

"ಇಳಿ."

"ಅಕ್ಕ, ಬಿಸಿಲೇರೋದ್ರೊಳಗೆ..."

"ಇಳಿ ಅಂದೆ."

ಅವನು ಎಂಜಿನ್ ಆರಿಸಿ ಇಳಿದ. ಎರಡು ಮಕ್ಕಳ ತಂದೆ, ಅಕ್ಕನ ಮುಂದೆ ಕೈಕಟ್ಟಿ ನಿಂತ.

"ಮರಿ ಹಾರೋ ತನಕ ತಡೀತೀನಿ ಅಂದಿದ್ರು ಯಜಮಾನ್ರು."

"ನಂಗೆ ಹಾಗೇನೂ ಹೇಳ್ಲಿಲ್ಲ ಅವರು."

"ನೀನು ಕೇಳಿದ್ಯಾ?"

ಅವನು ಬಕೆಟ್ಟಿನ ಕಡೆ ತಿರುಗಿದ.

"ಮರಿ ಇರೋದು ನಿಂಗೆ ಗೊತ್ತಿರ್ಲಿಲ್ವೇನೋ? ಇದೇ ಬೇಲಿ ಕೆಳಗೆ ಕೂರ್ಸಿ ನಿಂಗೆ ಉಣ್ಸಿದೀನಿ. ಗೂಬೆ ಕೂಗಿದ್ರೆ ನನ್ನ ಬೆನ್ನ ಹಿಂದೆ ಬಂದು ಅಡಗ್ತಿದ್ದೆ."

"ನಾನು ಬರದಿದ್ರೆ ಇನ್ನೊಬ್ಬ ಬರ್ತಿದ್ದ ಅಕ್ಕ. ಬೇಲಿ ಹೇಗೂ ಹೋಗೋದೇ. ಬೇಡ ಅಂದಿದ್ರೆ ಮುಂದೆ ಒಂದು ಹೊಲಕ್ಕೂ ನನ್ನ ಕರೀತಿರ್ಲಿಲ್ಲ."

"ಇನ್ನೊಬ್ಬ ಬಂದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು ಕಣೋ" ಎಂದಳು. ದನಿ ಏರಿರಲಿಲ್ಲ. "ಬಾಯಿಗೆ ಬಂದಂಗೆ ಬೈದು, ಮನೆಗೆ ಹೋಗಿ ಉಂಡು ಮಲಗ್ತಿದ್ದೆ. ನೀನು ಬಂದು ಅದನ್ನೂ ಕಿತ್ಕೊಂಡೆ."

ತಮ್ಮ ಏನೋ ಹೇಳಹೋದ. ಅವಳು ಕೇಳಲಿಲ್ಲ. ಮಚ್ಚು ಹಿಡಿದು ಉಳಿದ ಅರ್ಧ ಬೇಲಿಯೊಳಗೆ ನುಗ್ಗಿ, ಪೊಟರೆಯ ಕಾಂಡವನ್ನು ಮೇಲೊಂದು ಕಡೆ ಕೆಳಗೊಂದು ಕಡೆ ಕಡಿದು, ಇಡೀ ತುಂಡನ್ನು ಎದೆಗವಚಿಕೊಂಡು ಹೊರಬಂದಳು. ಕೈಗವಸು ಹಾಕಿರಲಿಲ್ಲ. ಮೊಣಕೈತನಕ ರಕ್ತ. ಒಳಗೆ ಮೂರು ಗೂಬೆಮರಿ ಹಿಸ್ ಎನ್ನುತ್ತಿದ್ದವು. ನಮ್ಮಿಬ್ಬರ ಕಡೆಯೂ ನೋಡದೆ ನಡೆದುಬಿಟ್ಟಳು. ಅವಳು ರಸ್ತೆಗೆ ಸೇರಿದ ಮೇಲೆ ತಮ್ಮ ಕಣ್ಣೊರೆಸಿಕೊಂಡು ಮತ್ತೆ ಮಿಷನ್ ಹತ್ತಿದ. ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಹೊಲ ಒಂದಾಗಿತ್ತು.

ಮರಿಗಳನ್ನು ನನ್ನ ಅಂಗಡಿಯ ಅಟ್ಟದಲ್ಲಿ, ಹಳೆಯ ತಗಡಿನ ಪೆಟ್ಟಿಗೆಯಲ್ಲಿ ಇಟ್ಟೆವು. ಅವಳು ಇಲಿ ಹಿಡಿದು ತಂದು ಸಣ್ಣಗೆ ಕೊಯ್ದು ತಿನ್ನಿಸಿದಳು. ಎರಡು ದಿನ ತಿಂದವು. ಮೂರನೇ ದಿನ ಒಂದು, ನಾಲ್ಕನೇ ದಿನ ಉಳಿದೆರಡು ಕುತ್ತಿಗೆ ಚೆಲ್ಲಿದವು. ಖಾಲಿ ಪೆಟ್ಟಿಗೆ ಕೆಳಗಿಳಿಸುತ್ತ ಅವಳು ನನ್ನನ್ನು ಕೇಳಿದಳು.

"ನಿಂಗೆ ಮುಂಚೆನೇ ಗೊತ್ತಿತ್ತಾ?"

"ಇಲ್ಲಕ್ಕ. ಅವತ್ತು ಬೆಳಿಗ್ಗೆ ಹಲ್ಲು ಮುರೀತು ಅಂತ ಕರೆದ, ಹೋದೆ. ಅಷ್ಟೇ."

ಅವಳು ಹೂಂ ಎಂದು ಪೆಟ್ಟಿಗೆ ತೊಳೆಯಲು ಹೋದಳು.

ಅಳಿಯ ಕೊಟ್ಟ ಮಾತಿನ ಬಗ್ಗೆ ಯಾರಿಗಾದರೂ ದೂರು ಕೊಡಬಹುದಲ್ಲ ಎಂದು ಒಮ್ಮೆ ಅಂದೆ. "ಸಾಕ್ಷಿ ಯಾರು? ಬೇಲಿಗೆ ಓತಿಕ್ಯಾತ ಸಾಕ್ಷಿ ಅಂತಾರೆ. ಓತಿಕ್ಯಾತಾನೂ ಮಣ್ಣಲ್ಲಿ ಸೇರ್ಕೊಂಡ್ತು" ಎಂದಳು.

ಒಬ್ಬರು ತೆಗೆದರೆ ಉಳಿದವರಿಗೆ ತಮ್ಮ ಬೇಲಿಯೂ ದಂಡ ಎನಿಸುತ್ತದೆ. ವರ್ಷ ಕಳೆಯುವುದರಲ್ಲಿ ಅವಳು ಕೆಲಸ ಮಾಡುತ್ತಿದ್ದ ಆರು ಹೊಲಗಳಲ್ಲಿ ಐದರ ಬೇಲಿ ಹೋಯಿತು. ಎಲ್ಲವನ್ನೂ ಕಿತ್ತದ್ದು ಅದೇ ಮಿಷನ್. ತಮ್ಮನಿಗೆ ಕೈತುಂಬ ಕೆಲಸ, ಅಕ್ಕನ ಕೈ ಖಾಲಿ. ಅವನು ಹೆಂಡತಿಯ ಕೈಲಿ ಊಟದ ಡಬ್ಬಿ ಕಳಿಸುತ್ತಿದ್ದ. ನಾದಿನಿ ಬಾಗಿಲಲ್ಲಿ ನಿಂತು, "ನನ್ನ ಮೇಲೇನು ಕೋಪ ಅತ್ತಿಗೆ?" ಎಂದು ಕೇಳಿದರೆ, "ನಿನ್ನ ಮೇಲೇನೂ ಇಲ್ಲಮ್ಮ. ಹಸಿವೂ ಇಲ್ಲ" ಎಂದು ಮುಚ್ಚಳ ತೆಗೆಯದೆ ವಾಪಸು ಕೊಡುತ್ತಿದ್ದಳು.

ಮುಂದಿನ ಬೆಳೆಯಲ್ಲಿ ಅಳಿಯನ ಹೊಲದ ಕುಂಬಳ ಬಳ್ಳಿ ಚೆನ್ನಾಗಿ ಹಬ್ಬಿತು, ಹೂವೂ ಬಂತು. ಕಾಯಿ ಕಟ್ಟಲಿಲ್ಲ. ಬೆರಳುದ್ದದ ಹೀಚುಗಳು ಹಳದಿ ತಿರುಗಿ ಕೊಳೆತು ಉದುರಿದವು. ಹುರುಳಿಕಾಯಿ ಸಾಲಿಗೆ ಇಲಿ ಬಿತ್ತು. ಪಾಷಾಣ ತಂದರು. ಪಾಷಾಣ ತಿಂದ ಇಲಿಯನ್ನು ತಿಂದು ಊರಿನ ಮೂರು ಬೆಕ್ಕು ಸತ್ತವು. ಗಾಳಿಯ ದಿನ ಹೊಲದ ಮೇಲ್ಮಣ್ಣು ಎದ್ದು ರಸ್ತೆ ದಾಟಿ ನನ್ನ ಅಂಗಡಿಯ ಸಾಣೆಚಕ್ರದ ಮೇಲೆ ಕೂರುತ್ತಿತ್ತು. ಆಗ ಯಾರೋ ಅಳಿಯನಿಗೆ ಉಪಾಯ ಹೇಳಿದರು: ಬೆಳಿಗ್ಗೆ ಹೂ ಅರಳಿದಾಗ ಗಂಡುಹೂವಿನ ಪರಾಗವನ್ನು ಕುಂಚದಲ್ಲಿ ತೆಗೆದು ಹೆಣ್ಣುಹೂವಿಗೆ ಸವರಿಸಿ. ಅದಕ್ಕೆ ಹೆಂಗಸರು ಬೇಕಾದರು. ಮುಳ್ಳಕ್ಕ ಹೋದಳು.

"ನೀನ್ಯಾಕೆ ಅಲ್ಲಿಗೇ ಹೋಗ್ತೀಯ ಅಕ್ಕ?" ಎಂದೆ.

"ಇನ್ನೆಲ್ಲಿ ಹೋಗ್ಲಿ? ಎಲ್ಲಾ ಒಂದೇ ಹೊಲ ಆಗಿದೆಯಲ್ಲ ಈಗ."

ಬಣ್ಣದ ಕುಂಚ ಹಿಡಿದು, ಸೊಂಟ ಬಗ್ಗಿಸಿ, ಹೂವಿಂದ ಹೂವಿಗೆ. ಬಿಸಿಲೇರಿದರೆ ಹೂ ಮುಚ್ಚಿಕೊಳ್ಳುತ್ತದೆ, ಅಷ್ಟರೊಳಗೆ ಮುಗಿಸಬೇಕು. ಹಾಗೆ ಕೆಲಸ ನಡೆದಿದ್ದ ಒಂದು ಬೆಳಿಗ್ಗೆ ಹೊಲದ ಅಂಚಿಗೆ ಒಂದು ಬಸ್ಸು ಬಂದು ನಿಂತಿತು. ಬೇರೆ ಬೇರೆ ಊರಿನ ಮೂವತ್ತು ರೈತರು ಇಳಿದರು, ಅವರ ಮುಂದೆ ಕೃಷಿ ಕಚೇರಿಯ ಅಧಿಕಾರಿಣಿ. ಅವಳು ಬೇರೆ ಯಾರೂ ಅಲ್ಲ, ಹಿಂದೆ ದುರ್ಬೀನು ಹಾಕಿಕೊಂಡು ಬರುತ್ತಿದ್ದ ಆ ಹುಡುಗಿಯೇ. ಈಗ ಕನ್ನಡಕ ಬಂದಿತ್ತು, ಕೈಯಲ್ಲಿ ಕರಪತ್ರದ ಕಟ್ಟು. ಕರಪತ್ರದ ಮೇಲೆ 'ಹಸಿರು ಬೇಲಿ, ರೈತನ ಗೆಳೆಯ' ಎಂದಿತ್ತು, ಕೆಳಗೆ ದೊಡ್ಡ ಬೇಲಿಯ ಫೋಟೊ. ಫೋಟೊದ ಅಂಚಿನಲ್ಲಿ ಮಚ್ಚು ಹಿಡಿದ ಒಂದು ಕೈ, ಮೊಣಕೈಯಿಂದ ಈಚೆಗೆ ಮಾತ್ರ. ಮಾದರಿ ಬೇಲಿಯನ್ನು ಕಣ್ಣಾರೆ ತೋರಿಸುತ್ತೇನೆಂದು ಅಷ್ಟು ಜನರನ್ನು ಕರೆತಂದಿದ್ದಳು. ಮೊದಲು ಒಂದು ಫೋನ್ ಮಾಡಿ ಕೇಳಬಹುದಿತ್ತು. ಬೇಲಿ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡಿರಬೇಕು.

ಅವಳು ಅತ್ತಿತ್ತ ನೋಡಿ, ಮುಳ್ಳಕ್ಕನನ್ನು ಗುರುತಿಸಿ ಹತ್ತಿರ ಬಂದಳು. "ಅಕ್ಕ, ಬೇಲಿ ಎಲ್ಲಿ?"

"ಅದ್ರ ಮೇಲೇ ನಿಂತಿದೀಯ ತಾಯಿ."

ಅಧಿಕಾರಿಣಿ ಕಾಲ ಕೆಳಗೆ ನೋಡಿದಳು. ರೈತರಲ್ಲಿ ಒಬ್ಬ ಕಿಸಕ್ಕನೆ ನಕ್ಕ. "ನೀವೇನು ಮಾಡ್ತಿದೀರ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಜೇನ್ನೊಣ ರಜೆ ಮೇಲೆ ಹೋಗಿವೆ. ಅವುಗಳ ಬದಲಿಗೆ ನಾವು ಡ್ಯೂಟಿಲಿದೀವಿ."

ಅಷ್ಟರಲ್ಲಿ ಅಳಿಯ ಬಂದ. ಜನ, ಬಸ್ಸು, ಅಧಿಕಾರಿಣಿ, ಎಲ್ಲವನ್ನೂ ಒಂದು ನೋಟದಲ್ಲಿ ಅಳೆದು ನಗುಮುಖ ಮಾಡಿದ. "ಹಳೇ ಬೇಲಿಗೆ ರೋಗ ಬಂದಿತ್ತು ಮೇಡಂ. ಬೇರೆ ದಾರಿ ಇರ್ಲಿಲ್ಲ. ತೆಗೆದು ಹೊಸದು ನೆಡೋಣ ಅಂತಾನೇ ಇದೀವಿ. ಅಲ್ವೇನಮ್ಮ?"

ಮೂವತ್ತು ಜನ ಅವಳ ಕಡೆ ತಿರುಗಿದರು. ಮುಳ್ಳಕ್ಕ ಕುಂಚವನ್ನು ಒಂದು ಎಲೆಗೆ ಒರೆಸಿದಳು.

"ಹೌದು, ರೋಗ ಇತ್ತು" ಎಂದಳು. "ಬೇಲಿಗಲ್ಲ."

ಮರುದಿನದಿಂದ ಅವಳಿಗೆ ಆ ಹೊಲದಲ್ಲಿ ಕೆಲಸವಿರಲಿಲ್ಲ. ಕೃಷಿ ಕಚೇರಿಯ ಹೊಸ ಬೇಲಿಯ ಯೋಜನೆಯಲ್ಲಿ ಮೊದಲ ಹೆಸರು ಅಳಿಯನದೇ ಬಂತು. ಹೊಲದ ಮುಂದೆ ಹಸಿರು ಬಣ್ಣದ ಫಲಕವನ್ನೂ ನಿಲ್ಲಿಸಿದರು. ಗುಂಡಿ ತೋಡಲು ಬಂದದ್ದು ತಮ್ಮನ ಮಿಷನ್. ಅಧಿಕಾರಿಣಿ ನಮ್ಮ ಅಂಗಡಿಯನ್ನು ಹುಡುಕಿಕೊಂಡು ಬಂದು, ನೆಡುವುದನ್ನು ನೀವೇ ನೋಡಿಕೊಳ್ಳಬೇಕು ಎಂದು ಮುಳ್ಳಕ್ಕನನ್ನು ಕೇಳಿದಳು. ಗಿಡಗಳ ಪಟ್ಟಿ ಓದಿದಳು. ಎಲ್ಲ ದೂರದ ನರ್ಸರಿಯಿಂದ ಬರುವ ಅಲಂಕಾರದ ಗಿಡಗಳು.

"ಇದ್ರಲ್ಲಿ ಹಣ್ಣು ಬಿಡೋದು ಯಾವುದು?"

"ಯಾವುದೂ ಇಲ್ಲ ಅಕ್ಕ."

"ಮುಳ್ಳು?"

"ಇಲ್ಲ. ಇವಕ್ಕೆ ಹುಳಾನೂ ಬೀಳಲ್ಲ ಅಂತ ಮೇಲಿನೋರು ಆರಿಸಿದಾರೆ."

"ಹುಳ ಬೀಳದಿದ್ರೆ ಹಕ್ಕಿ ಏನು ತಿನ್ನೋಕೆ ಬರುತ್ತೆ? ಫಲಕ ಓದೋಕಾ?"

ಹುಡುಗಿಯ ಕಣ್ಣು ತುಂಬಿತು. ಅವಳಿಗೆ ಗೊತ್ತಿರದ ವಿಷಯವಲ್ಲ. ಮುಳ್ಳಕ್ಕ, ಸ್ಮಶಾನದ ಹಿಂಗೋಡೆಯ ಹತ್ತಿರ ಹಳೆಯ ಜಾತಿಯ ಗಿಡಗಳು ಒಂದಿಷ್ಟು ಉಳಿದಿವೆ ಎಂದಳು. ಇಬ್ಬರೂ ಹೋಗಿ ಕಡ್ಡಿ ಕತ್ತರಿಸಿ, ಬೀಜ ಆಯ್ದು ತಂದು, ಕಚೇರಿಯ ಹಿತ್ತಲಲ್ಲಿ ಮಣ್ಣಿನ ಚೀಲಗಳಿಗೆ ಹಾಕಿದರು. ಇನ್ನೂರ ಹತ್ತು ಚೀಲ. ಎರಡು ತಿಂಗಳು ಮುಳ್ಳಕ್ಕ ದಿನಾ ನಡೆದು ಹೋಗಿ ನೀರು ಹಾಕಿದಳು. ಎಪ್ಪತ್ತಾರು ಚಿಗುರಿದವು. ಆ ದಿನಗಳಲ್ಲಿ ಅವಳ ಮಾತಿಗೆ ಸ್ವಲ್ಪ ಹಳೆಯ ಹದ ಬಂದಿತ್ತು.

ಆಮೇಲೆ ಅಧಿಕಾರಿಣಿಗೆ ವರ್ಗವಾಯಿತು. ಹೊಸದಾಗಿ ಬಂದವರಿಗೆ ಹಿತ್ತಲಲ್ಲಿ ಜೀಪು ನಿಲ್ಲಿಸಲು ಜಾಗ ಬೇಕಾಗಿತ್ತು. ಒಂದು ಬೆಳಿಗ್ಗೆ ಅವಳು ಹೋದಾಗ ಚೀಲಗಳೆಲ್ಲ ಗೋಡೆಯಾಚೆ ತಲೆಕೆಳಗಾಗಿ ಬಿದ್ದಿದ್ದವು. ಗೇಟಿನ ಕಾವಲುಗಾರ, "ಕಳೆ ಅಂದ್ಕೊಂಡ್ವಿ" ಎಂದನಂತೆ.

ಅಂದು ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಎಷ್ಟೋ ದಿನದಿಂದ ಮುಚ್ಚಿಟ್ಟದ್ದನ್ನು ಹೇಳಿಬಿಟ್ಟೆ. "ಅಕ್ಕ, ಅವತ್ತು ನಾನು ಸುಳ್ಳು ಹೇಳಿದೆ. ಹಿಂದಿನ ದಿನವೇ ನಂಗೆ ಗೊತ್ತಿತ್ತು."

ಅವಳು ತಲೆಯೆತ್ತಲಿಲ್ಲ. "ಬಕೆಟ್ಟಿಗೆ ಮೂರು ಹೊಸ ಹಲ್ಲಿದ್ವು. ಅವತ್ತು ನೀನು ಬೆಸೆದಿದ್ದು ಒಂದು. ಉಳಿದೆರಡರ ಮೇಲೂ ನಿನ್ನ ಕೈ ಗುರುತೇ ಇತ್ತು. ಅಷ್ಟು ಗೊತ್ತಾಗಲ್ವಾ ನಂಗೆ?"

"ಮತ್ಯಾಕೆ ಸುಮ್ನಿದ್ದೆ?"

"ಬಾಡಿಗೆ ಕೋಣೆ ಇದೊಂದೇ ಇರೋದು."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ದಿನದಿಂದ ಬಾಡಿಗೆ ತೆಗೆದುಕೊಳ್ಳುವುದಿಲ್ಲ ಎಂದೆ. ತಿಂಗಳ ಮೊದಲ ದಿನ ಅದು ಸಾಣೆಕಲ್ಲಿನ ಪಕ್ಕ ಎಂದಿನಂತೆ ಬಂದು ಕೂತಿತ್ತು.

ಈಗ ಅವಳಿಗೆ ಅರವತ್ತೊಂದು. ತಮ್ಮನ ಜೊತೆ ಇವತ್ತಿಗೂ ಮಾತಿಲ್ಲ. ರಸ್ತೆಯಲ್ಲಿ ಎದುರಾದರೆ ಅವನೇ ನಿಂತು ದಾರಿ ಬಿಡುತ್ತಾನೆ, ಅವಳು ಮರಕ್ಕೋ ಕಂಬಕ್ಕೋ ಕೊಡುವಷ್ಟೇ ಗಮನ ಕೊಟ್ಟು ದಾಟಿ ಹೋಗುತ್ತಾಳೆ. ಫಲಕದ ಹಿಂದಿನ ಹೊಸ ಬೇಲಿ ಸೊಂಟದೆತ್ತರ ಬಂದಿದೆ. ವರ್ಷವಿಡೀ ಹೊಳೆಯುವ ಎಲೆ. ಅದರಲ್ಲಿ ಒಂದು ಗೂಡನ್ನೂ ನಾನು ಕಂಡಿಲ್ಲ.

ತರಕಾರಿ ಆರಿಸಿ ಪೆಟ್ಟಿಗೆಗೆ ತುಂಬುವ ಶೆಡ್ಡಿನಲ್ಲಿ ಮುಳ್ಳಕ್ಕನಿಗೆ ಕೆಲಸ ಸಿಕ್ಕಿದೆ. ತಗಡಿನ ಗೋಡೆ, ಟ್ಯೂಬ್‌ಲೈಟು, ಎದುರಿಗೆ ಸರಿದುಹೋಗುವ ರಬ್ಬರ್ ಪಟ್ಟಿ. ಗಾತ್ರ ಸಾಲದ ಕಾಯಿಗಳನ್ನು ತೆಗೆದು ಪಕ್ಕಕ್ಕೆ ಹಾಕಬೇಕು. ಕೈ ಚುರುಕು ಎಂದು ಮೇಲ್ವಿಚಾರಕ ಹೊಗಳುತ್ತಾನಂತೆ. ಹೇಗಿದೆ ಕೆಲಸ ಎಂದು ಮೊನ್ನೆ ಕೇಳಿದೆ.

"ಪರವಾಗಿಲ್ಲ" ಎಂದಳು. "ಒಳಗೆ ಒಂದೂ ಕಿಟಕಿ ಇಲ್ಲ. ಅದೊಂದು ಒಳ್ಳೇದು."